ಮೂರನೆಯ ಕೂಗಿಗೆ ಏಳುವ ಹುಡುಗಿ

ಕಳೆದ ತಿಂಗಳು ಮಣ್ಣೂರಿನಲ್ಲಿ, ಮಟಮಟ ಮಧ್ಯಾಹ್ನ, ನಾನು ಶಿಬಿರದ ಮಕ್ಕಳನ್ನು ಹೊಳೆಯ ಕಡೆಯಿಂದ ಕೂಗಿ ಕರೆದೆನಂತೆ. ಮಕ್ಕಳೆಲ್ಲ ಹಾಗೇ ಹೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ನಾನು ಶಾಲೆಯ ಕೋಣೆಯೊಳಗೆ, ತುಟಿ ತುಂಬ ಗುಂಡುಪಿನ್ನು ಕಚ್ಚಿಕೊಂಡು, ನಾಟಕದ ರಾಜನ ಕಿರೀಟಕ್ಕೆ ಬೇಗಡೆ ಕಾಗದ ಹಚ್ಚುತ್ತ ಕುಳಿತಿದ್ದೆ. ಬಾಯಲ್ಲಿ ಪಿನ್ನು ಇಟ್ಟುಕೊಂಡವಳು ಕೂಗುವುದು ಹೇಗೆ, ನೀವೇ ಹೇಳಿ?

ನನ್ನ ದನಿಯ ಪರಿಚಯ ಈ ಅಂಕಣದ ಓದುಗರಿಗೆ ಹೊಸದಲ್ಲ. ಆಳಂದದ ನಮ್ಮ ಓಣಿಯಲ್ಲಿ ನಾನು ಮಗನನ್ನು ಕರೆದರೆ ಪಕ್ಕದ ಓಣಿಯ ಮಕ್ಕಳೂ ಮನೆ ಸೇರುತ್ತವೆ. (ನಮ್ಮ ಯಜಮಾನರು ಇದನ್ನು ಹೊಗಳಿಕೆಯಾಗಿ ಹೇಳುವುದಿಲ್ಲ.) ಬೇಸಿಗೆ ಶಿಬಿರ ನಡೆಸಲು ನನ್ನನ್ನು ಆರಿಸಿದ್ದೂ ಈ ದನಿಯ ಕಾರಣಕ್ಕೇ. "ನೀವಿದ್ರ ಮೈಕಿನ ಖರ್ಚು ಉಳೀತದ್ರಿ ಬಾಯಾರ" ಎಂದರು ಶಿಬಿರದ ಸಂಘಟಕರು. ನಮ್ಮ ಕಡೆ ಟೀಚರಮ್ಮನಿಗೆ ಬಾಯಾರ ಅಂತಲೇ ಕರೆಯುವುದು.

ಹೊರಡುವ ಮುಂಚೆ ನಮಗೆಲ್ಲ ಒಂದು ಟ್ರೇನಿಂಗ್ ಕೂಡ ಆಯಿತು. ಲೀಡರ್ ಅಂದರೆ ಯಾರು? ಒಂದೇ ಮಾತಿಗೆ ಮಕ್ಕಳು ಎದ್ದು ಬರುವಂತೆ ಮಾಡುವವರು. ಟ್ರೇನಿಂಗ್ ಕೊಡಲು ಬಂದವರು ಹಾಗೆ ಹೇಳಿದರು, ನಾವು ಬರೆದುಕೊಂಡೆವು, ಚಹಾ ಕುಡಿದೆವು, ಮಣ್ಣೂರಿಗೆಂದು ಅಫಜಲಪುರದ ಬಸ್ಸು ಹತ್ತಿದೆವು.

ಶಿಬಿರ ಇದ್ದದ್ದು ಊರ ಹೊರಗಿನ ಶಾಲೆಯಲ್ಲಿ. ಹಿಂದೆ ಬೇವಿನ ಗಿಡಗಳು, ಅದರಾಚೆ ಭೀಮಾ ಹೊಳೆ. ಬೇಸಿಗೆಯಲ್ಲಿ ಹೊಳೆ ಅಂದರೆ ಬರೀ ಉಸುಕು. ಆದರೆ ಶಾಲೆಯ ಕೆಳಗೇ ಒಂದು ಮಡುವಿದೆ. ಎಂಥ ಬಿಸಿಲಿಗೂ ಬತ್ತದ, ತಳ ಕಾಣದ ಹಸಿರು ನೀರು. ಆ ಕಡೆ ಯಾರೂ ಹೋಗಕೂಡದು ಎಂಬುದು ಶಿಬಿರದ ಮೊದಲ ರೂಲು.

ಮೊದಲ ದಿನ ಬೇವಿನ ನೆರಳಲ್ಲಿ ಆಡುತ್ತಿದ್ದ ಮಕ್ಕಳನ್ನು ಕರೆದೆ. "ಬರ್ರೀ ನನ್ನ ಹುಲಿಗೋಳ್ರಾ!" ಒಬ್ಬರೂ ಏಳಲಿಲ್ಲ. ಮತ್ತೆ ಕೂಗಿದೆ. ಕತ್ತು ತಿರುಗಿದವು, ಮೈ ಅಲ್ಲಾಡಲಿಲ್ಲ. ಮೂರನೆಯ ಸಲ ಕೂಗಿದಾಗ ಎಲ್ಲರೂ ಒಟ್ಟಿಗೇ ಎದ್ದು, ಚಡ್ಡಿ ಲಂಗ ಝಾಡಿಸಿಕೊಂಡು ಬಂದರು. ನನ್ನ ಮೈ ಉರಿದುಹೋಯಿತು. ಈ ದನಿಗೆ ಇಷ್ಟೇ ಕಿಮ್ಮತ್ತೇ?

ಜೊತೆಗಿದ್ದ ಗುಂಡಪ್ಪ ಮಾಸ್ತರರು ಅದೇ ಊರಿನವರು. "ಸಿಟ್ಟಾಗಬ್ಯಾಡ್ರಿ ಬಾಯಾರ. ಇಲ್ಲಿ ಹುಡುಗ್ರು ಮೂರನೇ ಸಲಕ್ಕಽ ಏಳೋದು. ಹೊಳಿ ಒಂದು ಸಲ ಕರೀತದಂತ್ರಿ, ಹೆಚ್ಚಂದ್ರ ಎರಡು ಸಲ. ಮೂರು ಸಲ ಕರಿಯೋರು ಮನಶ್ಯಾರು ಅಷ್ಟ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. "ಯಾಕ್ರಿ ಮಾಸ್ತರ, ನಿಮ್ಮ ಹೊಳೀಗಿ ಮೂರರ ತನಕ ಎಣಸಾಕ ಬರಂಗಿಲ್ಲೇನು?"

ಮಾಸ್ತರರು ನಗಲಿಲ್ಲ. "ಇಲ್ಲೀ ತನಕ ಬಂದಿಲ್ಲ ನೋಡ್ರಿ" ಎಂದರು.

ಈ ಮೂಢನಂಬಿಕೆಯನ್ನು ಬಿಡಿಸದಿದ್ದರೆ ನಾನೆಂಥ ಲೀಡರು? ಆಳಂದದಿಂದ ತಂದಿದ್ದ ಪೆಪ್ಪರಮೆಂಟಿನ ಡಬ್ಬಿ ಹೊರಗೆ ಬಂತು. ಒಂದೇ ಕೂಗಿಗೆ ಬಂದವರಿಗೆ ಪೆಪ್ಪರಮೆಂಟು, ತಡವಾದವರಿಗೆ ಬಾಯಿ ಚಪ್ಪರಿಸುವ ಶಿಕ್ಷೆ. ಬಂದವರು ಚಪ್ಪಲಿಯನ್ನು ಸಾಲಾಗಿ ಬಿಡಬೇಕು. ಹೊರಟರೆ ಮುಂದಿನವರ ಹೆಗಲ ಮೇಲೆ ಕೈಯಿಟ್ಟು ರೈಲುಗಾಡಿಯ ಹಾಗೆ ಹೊರಡಬೇಕು. ಎಂಜಿನ್ ಯಾರು? ಅತಿ ಹೆಚ್ಚು ಪೆಪ್ಪರಮೆಂಟು ಗೆದ್ದ ಬಸು.

ವಾರ ಕಳೆಯುವುದರೊಳಗೆ ನಾನು "ಬರ್ರೀ" ಅನ್ನುವಷ್ಟರಲ್ಲಿ ರೈಲು ಕಟ್ಟಿ ನಿಲ್ಲುತ್ತಿದ್ದರು. ಒಬ್ಬಳನ್ನು ಬಿಟ್ಟು. ಮಹಾದೇವಿ. ನಾಲ್ಕನೇ ಕ್ಲಾಸು ಮುಗಿಸಿದ, ಎರಡು ಜಡೆಯ, ಮಾತು ಕಡಿಮೆಯ ಹುಡುಗಿ. ಮೂರನೆಯ ಕೂಗಿಗೇ ಏಳುತ್ತಿದ್ದಳು. ಒಂದೂ ಪೆಪ್ಪರಮೆಂಟು ತಿನ್ನಲಿಲ್ಲ. "ಯಾಕವ್ವಾ ಮಹಾದೇವಿ, ಕಿವಿ ಕೇಳಸಂಗಿಲ್ಲೇನು?" ಎಂದು ಎಲ್ಲರೆದುರು ಚಾಷ್ಟಿ ಮಾಡಿದೆ. "ಕೇಳಸ್ತದ್ರಿ. ನಮ್ಮ ಆಯಿ ಹೇಳ್ಯಾಳ್ರಿ" ಎಂದಳು. ಆಯಿ ಅಂದರೆ ಅವಳ ಅಜ್ಜಿ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಯಾರೆಂದು ಬೇರೆ ಹೇಳಬೇಕೇ?

ಆ ಮಧ್ಯಾಹ್ನ ಊಟ ಮುಗಿದಿತ್ತು. ಮಕ್ಕಳು ಪಡಸಾಲೆಯಲ್ಲಿ ಅಡ್ಡಾಗಿದ್ದರು. ನಾನೂ ಮಾಸ್ತರರೂ ಒಳಗೆ ಕಿರೀಟದ ಕೆಲಸಕ್ಕೆ ಕೂತಿದ್ದೆವು. ಹೊರಗೆ ಗುಸುಗುಸು, ಕಿಸಿಕಿಸಿ ನಡೆದೇ ಇತ್ತು. ನಡೆದೇ ಇತ್ತು, ಆಮೇಲೆ ಇರಲಿಲ್ಲ. ಯಾವಾಗ ನಿಂತಿತೋ ತಿಳಿಯಲಿಲ್ಲ. ಮಕ್ಕಳಿರುವ ಜಾಗದಲ್ಲಿ ಅಂಥ ಸದ್ದಿಲ್ಲದ ಹೊತ್ತನ್ನು ನಾನು ಕಂಡಿಲ್ಲ. ಮಾಸ್ತರರ ಕೈಯ ಕತ್ತರಿ ಕೂಡ ನಿಂತಿತು.

ಹೊರಗೆ ಬಂದೆ. ಪಡಸಾಲೆ ಖಾಲಿ. ಚಪ್ಪಲಿಗಳು ಮಾತ್ರ, ನಾನು ಕಲಿಸಿದ ಹಾಗೆ, ನೀಟಾಗಿ ಸಾಲಾಗಿದ್ದವು. ಆ ಬಿಸಿಲಲ್ಲಿ ಬರಿಗಾಲಲ್ಲಿ ಹೋಗಿದ್ದರೇ? ಕಂಬಕ್ಕೆ ಒರಗಿ, ಮೊಣಕಾಲು ತಬ್ಬಿಕೊಂಡು ಮಹಾದೇವಿ ಒಬ್ಬಳೇ ಕೂತಿದ್ದಳು.

"ಎಲ್ಲಿ ಹ್ವಾದ್ರ ಎಲ್ಲಾರು?"

"ನೀವು ಕರದ್ರೆಲ್ರೀ, ಹ್ವಾದ್ರು."

"ನಾ ಎಲ್ಲಿ ಕರದೇನಿ?"

"ಹೊಳೀ ಕಡಿಂದ ಕರದ್ರೆಲ್ರೀ ಬಾಯಾರ." ಅವಳು ನನ್ನ ಮುಖ ನೋಡಲಿಲ್ಲ. ಪಾದ ನೋಡಿದಳು. (ಯಾಕೆಂದು ನಿಮಗೆ ಗೊತ್ತು.)

"ಮತ್ತ ನೀ ಯಾಕ ಹೋಗಲಿಲ್ಲ?"

"ಒಂದೇ ಸಲ ಕರದ್ರೆಲ್ರೀ."

ನಾನು ಓಡಿದೆ. ಮಾಸ್ತರರೂ ಹಿಂದೆಯೇ ಓಡಿಬಂದರು. ಚಪ್ಪಲಿ ಹಾಕಿದ್ದರೂ ಉಸುಕು ಕಾಲು ಸುಡುತ್ತಿತ್ತು. ಬೇವಿನ ಗಿಡ ದಾಟಿದರೆ ಎದುರಿಗೇ ಕಂಡರು. ಹೆಗಲ ಮೇಲೆ ಕೈಯಿಟ್ಟು, ಅಂಕುಡೊಂಕಿಲ್ಲದ ರೈಲು. ಒಬ್ಬರೂ ಮಾತಾಡುತ್ತಿಲ್ಲ, ಒಬ್ಬರೂ ಹಾಯ್ ಉಯ್ ಅನ್ನುತ್ತಿಲ್ಲ. ಎಂಜಿನ್ ಆದ ಬಸು ಆಗಲೇ ಮಡುವಿನ ನೀರಲ್ಲಿ ಮೊಣಕಾಲ ತನಕ ಇಳಿದಿದ್ದ. ಇನ್ನೊಂದೆರಡು ಹೆಜ್ಜೆಗೆ ತಳವಿಲ್ಲ.

"ನಿಲ್ರೆಲೇ!" ಎಂದು ಕೂಗಿದೆ. ಓಣಿಯನ್ನೇ ನಡುಗಿಸುವ ದನಿ. ಒಂದು ತಲೆಯೂ ತಿರುಗಲಿಲ್ಲ. ಮತ್ತೆ ಕೂಗಿದೆ. ರೈಲು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೀರು ಬಸುವಿನ ಸೊಂಟಕ್ಕೆ ಬಂತು. ಆಗ ನನಗಾದ ಭಯವನ್ನು ನನ್ನ ವೈರಿಗೂ ಬಯಸಲಾರೆ. ಗಂಟಲು ಹರಿದುಹೋಗುವ ಹಾಗೆ ಮತ್ತೊಮ್ಮೆ ಕೂಗಿದೆ.

ಅದು ಮೂರನೆಯದು. ರೈಲು ನಿಂತಿತು.

ಬಸು ಹಿಂದೆ ತಿರುಗಿ ನನ್ನನ್ನು ನೋಡಿದ. ಆಮೇಲೆ ನೀರಿನಾಚೆಗೆ ನೋಡಿದ. ಮತ್ತೆ ನನ್ನನ್ನು ನೋಡಿದ. "ಬಾಯಾರ, ನೀವು ಆ ದಂಡೀಗಿ ಇದ್ರೆಲ್ರೀ?" ಎಂದು ಬೆರಳು ತೋರಿಸಿದ. ಆ ದಂಡೆಯಲ್ಲಿ ಬಿಳಿ ಉಸುಕು, ಬಿಳಿ ಬಿಸಿಲು. ಬೇರೆ ಏನೂ ಇರಲಿಲ್ಲ.

ಮಾಸ್ತರರು ನೀರಿಗಿಳಿದು ಬಸುವನ್ನು ಎತ್ತಿಕೊಂಡು ಬಂದರು. ಆಮೇಲೆ ಒಮ್ಮೆಗೇ ಅಳು ಶುರುವಾಯಿತು. ಅಂಗಾಲೆಲ್ಲ ಬೊಬ್ಬೆ ಎದ್ದಿದ್ದವು. ಕಾಲು ಸುಟ್ಟದ್ದು ಅಲ್ಲಿಯವರೆಗೆ ಒಬ್ಬರಿಗೂ ಗೊತ್ತಾಗಿರಲಿಲ್ಲ.

ಕಾರಣಗಳು ಬೇಕಾದಷ್ಟಿವೆ. "ಬಿಸಿಲು ನೆತ್ತಿಗೇರಿದ್ರ ಹಂಗ ಆಗ್ತದ" ಎಂದರು ನಮ್ಮ ಯಜಮಾನರು. ನನ್ನ ಗೆಳತಿಯೊಬ್ಬಳು, ಈಜಲು ಹೋದ ಕಳ್ಳ ಮಕ್ಕಳು ಸೇರಿ ಕಟ್ಟಿದ ಕಥೆ ಎಂದಳು. ಇರಬಹುದು. ಇರಲಿ ಎಂದೇ ನನ್ನ ಆಸೆ. ಆದರೆ ಅವತ್ತೇ ಮಕ್ಕಳನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ನಾನು ಏನೆಂದು ಕರೆದೆ ಎಂದು ಕೇಳಿದೆ. "ಬರ್ರೀ ನನ್ನ ಹುಲಿಗೋಳ್ರಾ ಅಂದ್ರಿ." ಎಲ್ಲರದೂ ಅದೇ ಉತ್ತರ. ಒಬ್ಬ ಪುಟ್ಟ ಹುಡುಗಿ ಮಾತ್ರ ಒಂದು ಮಾತು ಸೇರಿಸಿದಳು: "ಇವತ್ತ ಭಾಳ ಪ್ರೀತೀಲೆ ಕರದ್ರಿ."

ಡಬ್ಬಿಯಲ್ಲಿ ಉಳಿದ ಪೆಪ್ಪರಮೆಂಟನ್ನೆಲ್ಲ ಮಹಾದೇವಿಯ ಮುಂದೆ ಹಿಡಿದೆ. "ತಗೋ ನನ್ನವ್ವ" ಎಂದೆ. ಅವಳು ಸುಮ್ಮನೆ ನಿಂತಳು. "ತಗೋ" ಎಂದೆ. ನನ್ನ ಕಣ್ಣನ್ನೇ ನೋಡಿದಳು. ಮೂರನೆಯ ಸಲ "ತಗೋ" ಎಂದಾಗ ಕೈ ಚಾಚಿದಳು. ಅವಳನ್ನು ತಬ್ಬಿಕೊಂಡು ಅತ್ತೆ. ಮಾಸ್ತರರು ಆ ಕಡೆ ತಿರುಗಿ ನಿಂತರು.

ಶಿಬಿರದಿಂದ ಏನು ಕಲಿತಿರಿ ಎಂದು ಸಂಘಟಕರು ಕೇಳುತ್ತಿದ್ದಾರೆ. ರಿಪೋರ್ಟು ಬರೆಯಬೇಕಂತೆ. ಏನು ಬರೆಯಲಿ? ನನ್ನ ದನಿಗೆ ಎದ್ದು ಹೊರಡುವುದನ್ನು ಮಕ್ಕಳಿಗೆ ಚೆನ್ನಾಗಿ ಕಲಿಸಿದೆ. ಆ ದನಿ ಯಾರ ಬಾಯಿಂದ ಬಂತೆಂದು ಒಂದು ಗಳಿಗೆ ನಿಂತು ನೋಡುವುದು ಅವರಿಗೆ ಮೊದಲೇ ಗೊತ್ತಿತ್ತು. ಅದನ್ನು ನಾನು ಪೆಪ್ಪರಮೆಂಟು ಕೊಟ್ಟು ಮರೆಸಿದೆ.

ಈಗ ಶಾಲೆ ಶುರುವಾಗಿದೆ. ಕ್ಲಾಸಿನಲ್ಲಿ ಯಾರನ್ನೇ ಆಗಲಿ ಮೂರು ಸಲ ಕರೆಯುತ್ತೇನೆ. ಬಾಯಾರ ಶಿಸ್ತು ಸಡಿಲಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ಮಾತು. ಆಡಿಕೊಳ್ಳಲಿ. ಮನೆಯಲ್ಲಿ ನನ್ನ ಮಗ ಮಾತ್ರ ಇನ್ನೂ ಒಂದೇ ಕೂಗಿಗೆ ಓಡಿ ಬರುತ್ತಾನೆ. ಅವನು ಹಾಗೆ ಬಂದು ನಿಂತಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ.

ನಿಮ್ಮ ಮಕ್ಕಳೂ ಒಂದೇ ಕೂಗಿಗೆ ಎದ್ದು ಬರುತ್ತಾರೆಯೇ? ಕೂಗಿದ್ದು ನೀವೇ ಎಂದು ಅವರಿಗೆ ಹೇಗೆ ಗೊತ್ತು?