ಮೂರು ಗಂಟೆ ದಾರಿ

ಅದು ೨೦೦೨ನೇ ಇಸವಿ. ನಮ್ಮನೆಯವರು ಮಸ್ಕತ್‌ನಲ್ಲಿ ಕ್ರೇನ್ ಓಡಿಸುವ ಕೆಲಸಕ್ಕೆ ಸೇರಿ ಎರಡನೇ ವರ್ಷ. ಹೊರಡುವಾಗ ನಾನು ಮುಖ ಊದಿಸಿಕೊಂಡು ಕೂತಿದ್ದಕ್ಕೆ, "ಅಂಥಾ ದೂರ ಏನಿಲ್ಲ ಕಣೇ. ವಿಮಾನದಲ್ಲಿ ಮೂರು ಗಂಟೆ. ತಿಪಟೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದಂಗೆ" ಅಂದಿದ್ದರು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ ಅಂತ ಆಮೇಲೆ ತಿಳಿಯಿತು. ಆದರೂ ಬಿಳಿಗೆರೆಯ ನಮ್ಮ ಮನೆಯಲ್ಲಿ ಆ ಮೂರು ಗಂಟೆಯ ಮಾತೇ ನಿಂತುಬಿಟ್ಟಿತು. ಯಾರು ಕೇಳಿದರೂ ನಮ್ಮ ಮಾವನವರು, ಬೆಂಗಳೂರಿನಷ್ಟೇ ದೂರ ಅಂತ ಜಂಬದಿಂದ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ನಮ್ಮನೆಯವರ ಜೊತೆ ಕೆಲಸ ಮಾಡುವವರೊಬ್ಬರು ಮಸ್ಕತ್‌ನಿಂದ ಫೋನ್ ಮಾಡಿದರು. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತಂತೆ. ದೇಹವನ್ನು ವಿಮಾನದಲ್ಲಿ ಕಳಿಸುತ್ತೇವೆ ಅಂದರಂತೆ. ಯಾವತ್ತು ಅಂತ ಅವರು ಹೇಳಲಿಲ್ಲ, ಫೋನ್ ಹಿಡಿದಿದ್ದ ಮಾವನವರೂ ಕೇಳಲಿಲ್ಲ.

ವಿಮಾನಕ್ಕೆ ಮೂರು ಗಂಟೆ, ಕಾರಿಗೆ ಮೂರು ಗಂಟೆ, ಸಂಜೆಯೊಳಗೆ ಬಂದುಬಿಡುತ್ತಾನೆ ಅಂತ ಮಾವನವರು ಲೆಕ್ಕ ಹಾಕಿದರು. ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ. ನೆಂಟರಿಗೆಲ್ಲ ಹೇಳಿ ಕಳಿಸಿದರು. ತೋಟದ ಮೂಲೆಯಲ್ಲಿ ಅತ್ತೆಯ ಸಮಾಧಿಯ ಪಕ್ಕ ಗುಂಡಿ ತೋಡಿಸಿದರು. ಒಲೆ ಹಚ್ಚುವ ಹಾಗಿರಲಿಲ್ಲ. ಪಕ್ಕದ ಮನೆಯವರು ಕೊಟ್ಟ ಕಾಫಿ ಕುಡಿದು ಎಲ್ಲರೂ ರಸ್ತೆ ನೋಡುತ್ತಾ ಕೂತರು. ಕಾರಿನ ಸದ್ದಾದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ.

ಹೊತ್ತು ಮುಳುಗುವ ಮುಂಚೆ ಮತ್ತೆ ಫೋನ್ ಬಂತು. ಅಲ್ಲಿನ ಪೊಲೀಸರ ಕಾಗದ, ಕಂಪನಿಯ ಕಾಗದ, ರಾಯಭಾರ ಕಚೇರಿಯ ಕಾಗದ ಎಲ್ಲ ಆಗಬೇಕು, ವಾರಗಳೇ ಹಿಡಿಯಬಹುದು ಅಂದರು. ನೆಂಟರು ಒಬ್ಬೊಬ್ಬರಾಗಿ ಎದ್ದರು. ಆಗ ಎಲ್ಲರಿಗೂ ಆ ಗುಂಡಿ ನೆನಪಾಯಿತು. ಹೆಣಕ್ಕೆಂದು ತೋಡಿದ ಗುಂಡಿಯನ್ನು ಖಾಲಿ ಬಿಟ್ಟರೆ ಅದು ಮನೆಯಿಂದ ಇನ್ನೊಂದು ಜೀವ ಕೇಳುತ್ತದೆ ಅನ್ನುವ ಹೆದರಿಕೆ ನಮ್ಮ ಕಡೆ ಇದೆ. ಮಾವನವರು ಹೋಗಿ ಒಂದು ತೆಂಗಿನ ಸಸಿ ಕಿತ್ತು ತಂದರು. ಗುಂಡಿಗೆ ಮಣ್ಣು ತುಂಬಿಸಿ ಅದನ್ನು ನೆಟ್ಟರು.

"ಇನ್ನು ಖಾಲಿ ಇಲ್ಲ ಬುಡವ್ವ. ಅವನು ಬಂದ ಮೇಲೆ ಪಕ್ಕದಲ್ಲಿ ತೋಡಾನ. ಅಲ್ಲಿಗಂಟ ಇದ್ಕೆ ನೀನೇ ನೀರು ಹಾಕು" ಅಂದರು. ನನಗೆ ಅಳು ತಡೆಯಲಾಗಲಿಲ್ಲ.

ದಿನಾ ನೀರು ಹಾಕಿದೆ. ಹಣೆಗೆ ಕುಂಕುಮ ಇಡಬೇಕೋ ಬೇಡವೋ ಅಂತ ನನಗೆ ಹೇಳುವವರೂ ಇರಲಿಲ್ಲ. ಅವರು ಬರುವ ಹೊತ್ತಿಗೆ ಸಸಿ ಹೊಸ ಗರಿ ಬಿಟ್ಟಿತ್ತು. ಹೆಣದ ಪೆಟ್ಟಿಗೆ ತಂದವರು, ದಿನ ಬಹಳ ಆಗಿದೆ, ತೆಗೆಯಬೇಡಿ ಅಂದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಅವರನ್ನು ಪೆಟ್ಟಿಗೆ ಸಮೇತ ಮಲಗಿಸಿದೆವು. ಮುಖವನ್ನೂ ನೋಡಲಿಲ್ಲ ಅನ್ನುವ ಸಂಕಟ ಇವತ್ತಿಗೂ ಆರಿಲ್ಲ.

ಆ ಸಸಿ ಈಗ ಮರವಾಗಿದೆ, ಒಳ್ಳೆಯ ಫಸಲು ಕೊಡುತ್ತದೆ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ, ಬೆಂಗಳೂರಿಗೆ ಎಷ್ಟು ಹೊತ್ತಾಗುತ್ತಮ್ಮ ಅಂತ ಕೇಳಿದರೆ ಮಾತ್ರ, ಮೂರು ಗಂಟೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗೊತ್ತಿಲ್ಲ ಅಂದು ಮುಖ ತಿರುಗಿಸುತ್ತೇನೆ.