ತಲೆಯಾಡಿಸುವವರು

ಹಿರಿಯೂರಿನ ನಮ್ಮ ಕಾಲೇಜಿಗೆ ಆ ವರ್ಷ ಮೈಸೂರಿನ ಬೇಸಿಗೆ ತರಬೇತಿಯಲ್ಲಿ ಒಂದೇ ಸ್ಥಾನ ದೊರಕಿತ್ತು. ಭೌತಶಾಸ್ತ್ರ ಕಲಿಸುತ್ತಿದ್ದವರು ನಾವಿಬ್ಬರು: ನಾನು, ಮತ್ತು ಹೊಸದುರ್ಗದ ಕಡೆಯ ಕುರಿ ಸಾಕುವ ಮನೆತನದಿಂದ ಬಂದಿದ್ದ ನನ್ನ ಹಿರಿಯ ಸಹೋದ್ಯೋಗಿ. ಮರುವರ್ಷ ಅವರು ವಯೋಮಿತಿ ಮೀರುತ್ತಿದ್ದರು. ಅದು ಅವರ ಕೊನೆಯ ಅವಕಾಶ.

ಯಾರು ಹೋಗಬೇಕೆಂದು ತೀರ್ಮಾನವಾಗುವ ಹಿಂದಿನ ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ, ಈ ವಯಸ್ಸಿನಲ್ಲಿ ತರಬೇತಿ ಏಕೆಂದು ಅವರನ್ನು ಕೇಳಿದೆ.

"ನಮ್ಮ ಹರಿಯಬ್ಬೆ ಕಡೆ ಹಳ್ಳಿ ಹುಡುಗ್ರು ಪಾಠಕ್ಕೆ ತಲೆ ಆಡಿಸ್ತಾರಲ್ಲ, ತಿಳಿದು ಆಡ್ಸಲ್ಲ ಕಣ್ರಿ. ಮೇಷ್ಟ್ರು ಬೇಜಾರ್ ಮಾಡ್ಕಂಬಾರ್ದು ಅಂತ ಆಡಿಸ್ತಾರೆ. ಅವರಿಗೆ ತಿಳಿಯಂಗೆ ಹೇಳಾದು ಕಲೀಬೇಕು. ನಿಮಗ್ಯಾಕ್ರಿ?"

"ಬಡ್ತಿ. ಆಮೇಲೆ ಚಿತ್ರದುರ್ಗಕ್ಕೆ ವರ್ಗ."

"ಅದೂ ಬೇಕು ಬಿಡ್ರಿ, ಹೆಣ್ಣು ಕೊಡೋರು ಕೇಳ್ತಾರೆ!" ಎಂದು ನಕ್ಕರು.

ಇಂಥ ವಿಷಯಗಳನ್ನು ನಮ್ಮ ಪ್ರಾಂಶುಪಾಲರು ಅಧ್ಯಾಪಕರ ಕೊಠಡಿಯಲ್ಲಿ ಸಂಬಂಧಪಟ್ಟವರನ್ನು ಎಲ್ಲರೆದುರು ಮಾತನಾಡಿಸಿಯೇ ತೀರ್ಮಾನಿಸುತ್ತಿದ್ದರು. ಕಿರಿಯರು ಮೊದಲು ಮಾತನಾಡಬೇಕೆಂಬುದು ರೂಢಿ. ಚರ್ಚಾಕೂಟಗಳಲ್ಲಿ ಪಳಗಿದ ನಾನು ಎದ್ದು ನಿಂತೆ. ಬಡ್ತಿಯ ಮಾತು ಆ ಸಭೆಗೆ ತಕ್ಕುದೆನಿಸಲಿಲ್ಲ. ಹಳ್ಳಿಯ ವಿದ್ಯಾರ್ಥಿ ಬರೀ ಸೌಜನ್ಯಕ್ಕೆ ತಲೆಯಾಡಿಸುತ್ತಿರುವಷ್ಟು ಕಾಲ ಅಧ್ಯಾಪಕನ ಕಲಿಕೆ ಮುಗಿದಿಲ್ಲವೆಂದು ವಾದಿಸಿದೆ. ನುಡಿಯುತ್ತ ನುಡಿಯುತ್ತ ನಾನೇ ಅದನ್ನು ನಂಬಿದೆ. ಮೇಜುಗಳ ಮೇಲೆ ಕೈಗಳು ಬಡಿದವು.

ಅವರು ಎದ್ದು ಪಂಚೆ ಸರಿಪಡಿಸಿಕೊಂಡು, "ನಾನು ಹೇಳಾದನ್ನ ಇವರೇ ಚೆಂದಾಗಿ ಹೇಳ್ಯಾರೆ. ಇವರೇ ಹೋಗ್ಲಿ ಬಿಡ್ರಿ," ಎಂದು ಕುಳಿತರು. ತಡೆಯುವುದಕ್ಕೆ ನನಗೆ ಒಂದು ವಾಕ್ಯ ಸಾಕಿತ್ತು. ನಾನು ಧನ್ಯವಾದ ಹೇಳಿದೆ.

ಮೈಸೂರಿನಲ್ಲಿ ಪ್ರತಿ ಪಾಠದಲ್ಲೂ ಅವರ ಜಾಗದಲ್ಲಿ ಕುಳಿತಿದ್ದೇನೆಂಬ ಅರಿವು ಬಿಡಲಿಲ್ಲ. ಬಡ್ತಿಗೆಂದು ಹೋದವನು ಆ ಅಳುಕಿನಿಂದಲೇ ಶ್ರದ್ಧೆಯಿಂದ ಕಲಿತೆ.

ಮರಳಿದ ಮೊದಲ ಶನಿವಾರ, ಕಲಿತುದೆಲ್ಲವನ್ನೂ ಹಂಚಿಕೊಳ್ಳುತ್ತೇನೆಂದು ಅವರನ್ನು ಖಾಲಿ ತರಗತಿಗೆ ಕರೆದೆ. ಅವರು ಮೊದಲ ಬೆಂಚಿನಲ್ಲಿ ಕುಳಿತರು. ನಾನು ಹಲಗೆಯ ತುಂಬ ಬರೆದೆ, ಬೋಧನಾಕ್ರಮದ ತತ್ತ್ವಗಳನ್ನು ಸೊಗಸಾಗಿ ವಿವರಿಸಿದೆ. ತಿರುಗಿ ನೋಡಿದಾಗ ಅವರು ಮೆಲ್ಲಗೆ ತಲೆಯಾಡಿಸುತ್ತಿದ್ದರು.

"ತಿಳಿಯಿತೇ ಸರ್?"

"ಬಾಳ ಚೆನ್ನಾಗೈತೆ, ಮುಂದಕ್ಕೆ ಹೇಳ್ರಿ."

ಸೀಮೆಸುಣ್ಣ ಹಿಡಿದ ಕೈ ಮುಂದಕ್ಕೆ ಚಲಿಸಲಿಲ್ಲ.