ಚಕ್ರ ಮೊದಲು ಮುಟ್ಟಿದ ಜಾಗ

ಹೋದ ತಿಂಗಳು ಗಡಿ ತಂಟೆಯ ಕೇಸೊಂದಕ್ಕಾಗಿ ವೇಮಗಲ್ ಹತ್ತಿರದ ಹೊಲಕ್ಕೆ ಹೋಗಿದ್ದೆ. ಸರ್ವೆಯವರು ಟೇಪು ಹಿಡಿದು ನೆಲದ ಮೇಲೆ ಸುಣ್ಣದ ಪುಡಿ ಸುರಿಯುತ್ತಾ ಗೆರೆ ಎಳೆಯುತ್ತಿದ್ದರು. ಗಾಳಿ ತಿರುಗಿ ಆ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಕಕ್ಷಿದಾರ ಏನೋ ಹೇಳುತ್ತಲೇ ಇದ್ದ, ನನ್ನ ಕಿವಿಗೆ ಬೀಳಲಿಲ್ಲ. ಟೇಕಲ್ ಬೆಟ್ಟದ ಕೆಳಗಿನ ಏರ್‌ಸ್ಟ್ರಿಪ್ಪು, ಭಾನುವಾರದ ಬೆಳಗು, ಗೆರೆಯ ಪಕ್ಕದಲ್ಲಿ ಬೋರಲು ಮಲಗಿದ ಆ ತಾತ... ಎಲ್ಲ ಒಟ್ಟಿಗೆ ಬಂದು ನಿಂತವು.

ನಾನು ಕೋಲಾರದಲ್ಲಿ ವಕೀಲ. ಮೂವತ್ತು ವರ್ಷ ಜಮೀನಿನ ಕೇಸುಗಳನ್ನೇ ನಡೆಸಿದವನು. ಅಣ್ಣನ ಮೇಲೆ ತಮ್ಮ, ತಮ್ಮನ ಮೇಲೆ ದಾಯಾದಿ ಹೇಳುವ ಸುಳ್ಳುಗಳನ್ನು ಕೇಳಿ ಕೇಳಿ, ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಒಂದು ಸಲ ಕದಡಿ ನೋಡುವವನಾಗಿದ್ದೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಿಮಗಾಗಿಯೇ ಕಟ್ಟಿದ್ದಾರೆ ಎಂದು ಅವಳು ಹಂಗಿಸುತ್ತಾಳೆ. ಇಂಥ ನನಗೆ ನಲವತ್ತು ದಾಟಿದ ಮೇಲೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ಲೈಸೆನ್ಸ್ ಪಡೆದು, ಎರಡು ಸೀಟಿನ ಹಳೆಯ ಪುಟ್ಟ ವಿಮಾನವೊಂದನ್ನು ಕೊಂಡೆ.

ಮಾಲೂರಿನಿಂದ ಟೇಕಲ್ ಕಡೆಗೆ ಹೋಗುವಾಗ ಸಿಗುವ ಆ ಮಣ್ಣಿನ ಪಟ್ಟಿಯಲ್ಲಿ ನಾವು ಐದು ಜನ ವಿಮಾನ ಇಳಿಸುತ್ತಿದ್ದೆವು. ಭಾನುವಾರ ಬೆಳಗ್ಗೆ ಗಾಳಿ ಏಳುವ ಮೊದಲು ನಮ್ಮನಮ್ಮಲ್ಲೇ ಪಂದ್ಯ. ನೆಲದ ಮೇಲೆ ಅಡ್ಡಕ್ಕೆ ಒಂದು ಸುಣ್ಣದ ಗೆರೆ. ಮೇಲೆ ಸಾವಿರ ಅಡಿಯಲ್ಲಿ ಗೆರೆಯ ನೇರಕ್ಕೆ ಬಂದಾಗ ಇಂಜಿನ್ನಿನ ಜೋರು ಪೂರ್ತಿ ಇಳಿಸಿಬಿಡಬೇಕು. ಮತ್ತೆ ಏರಿಸುವಂತಿಲ್ಲ. ತೇಲಿಕೊಂಡೇ ಸುತ್ತಿ ಬಂದು ಗೆರೆಯ ಮೇಲೆ, ಇಲ್ಲವೇ ಗೆರೆ ದಾಟಿದ ಕೂಡಲೇ ಚಕ್ರ ಊರಬೇಕು. ಗೆರೆಗಿಂತ ಒಂದು ಗೇಣು ಮೊದಲೇ ಮುಟ್ಟಿದರೂ ಸೊನ್ನೆ. ಗೆದ್ದವನಿಗೆ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಒಂದು ಬುಟ್ಟಿ ಹಣ್ಣು, ಉಳಿದ ದಿನ ಬರೀ ಚಪ್ಪಾಳೆ. ಅಷ್ಟಕ್ಕೇ ನಾನು ವಾರವೆಲ್ಲ ಕೋರ್ಟಿನಲ್ಲಿ ಕೂತು ಮನಸ್ಸಿನಲ್ಲೇ ವಿಮಾನ ಇಳಿಸುತ್ತಿದ್ದೆ.

ಚಕ್ರ ಎಲ್ಲಿ ಮುಟ್ಟಿತೆಂದು ಹೇಳುವವರು ತಾತ. ಸರ್ವೆ ಇಲಾಖೆಯಲ್ಲಿ ಚೈನು ಎಳೆಯುವ ಕೆಲಸ ಮಾಡಿ, ಮುಳಬಾಗಿಲು ಶ್ರೀನಿವಾಸಪುರಗಳ ಹೊಲಗಳನ್ನೆಲ್ಲ ಕಾಲಲ್ಲೇ ಅಳೆದು ರಿಟೈರಾದವರು. ಏರ್‌ಸ್ಟ್ರಿಪ್ಪಿಗೆ ಅಂಟಿಕೊಂಡೇ ಅವರ ಹಿಪ್ಪುನೇರಳೆ ತೋಟ. ನಾವು ಎಳೆದ ಸೊಟ್ಟ ಗೆರೆಯನ್ನು ಬೇಲಿಯಾಚೆಯಿಂದ ನೋಡಲಾರದೆ ಒಂದು ದಿನ ತಾವೇ ಬಂದು ಅಳಿಸಿ, ನೆಟ್ಟಗೆ ಎಳೆದುಕೊಟ್ಟರು. ಅಂದಿನಿಂದ ಅವರೇ ನಮ್ಮ ಪಂಚಾಯ್ತಿದಾರರಾದರು.

ವಿಮಾನ ಇಳಿಯಲು ಬರುವಾಗ ಅವರು ಗೆರೆಯಿಂದ ಪಕ್ಕಕ್ಕೆ ಸಾಕಷ್ಟು ದೂರ ಹೋಗಿ, ಟವಲು ಹಾಸಿ, ನೆಲಕ್ಕೆ ಕೆನ್ನೆ ತಾಗುವಂತೆ ಬೋರಲು ಮಲಗುತ್ತಿದ್ದರು. ಯಾಕೆಂದು ಕೇಳಿದಾಗ ಹೇಳಿದ್ದರು: "ನಿಂತ್ಕೊಂಡು ನೋಡಿದ್ರೆ ಕಣ್ಣು ಮೋಸ ಮಾಡ್ತೈತೆ ಸಾಮಿ. ಮಲಗಿದ್ರೆ ಚಕ್ರಕ್ಕೂ ನೆಲಕ್ಕೂ ಮಧ್ಯೆ ಬೆಳಕು ಕಾಣ್ತೈತೆ. ಬೆಳಕು ಹೋಯ್ತಾ, ಮುಟ್ತು ಅಂತ ಲೆಕ್ಕ." ವಿಮಾನ ಮುಂದೆ ಹೋದ ಮೇಲೆ ಎದ್ದು ಬಂದು, ಮುಟ್ಟಿದ ಜಾಗದಲ್ಲಿ ಒಂದು ಹಿಪ್ಪುನೇರಳೆ ಕಡ್ಡಿ ಚುಚ್ಚುವರು. ಸಂಶಯವೇ ಇಲ್ಲದಾಗ ಬಾಯಲ್ಲಿ ತೆಲುಗು ಬರುತ್ತಿತ್ತು. "ಈಡೇ ತಗಿಲಿಂದಿ," ಇಲ್ಲೇ ತಾಗಿತು, ಎನ್ನುವರು. ಅಲ್ಲಿಗೆ ಮಾತು ಮುಗಿಯಿತು.

ನನಗೆ ಮಾತ್ರ ಮುಗಿಯುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಸತತವಾಗಿ ಮೂರು ಭಾನುವಾರ ನನ್ನ ಕಡ್ಡಿ ಗೆರೆಗಿಂತ ಹಿಂದೆ ಬಿತ್ತು. ನಾನು ಗೆರೆಯ ಮೇಲೇ ಇಳಿದಿದ್ದೆ. ಸೀಟಿನಡಿಯಲ್ಲಿ ದಡಕ್ಕೆಂದದ್ದು ನನ್ನ ಬೆನ್ನಿಗೇ ಗೊತ್ತಾಗಿತ್ತು. ಮೂರೂ ಸಲ ಗೆದ್ದವರು ಬೆಂಗಳೂರಿನಿಂದ ಬರುತ್ತಿದ್ದ ಕಣ್ಣಿನ ಡಾಕ್ಟರು. ಹಿಂದಿನ ವರ್ಷ ತಾತನ ಎರಡೂ ಕಣ್ಣಿನ ಪೊರೆ ತೆಗೆದವರು ಅವರೇ, ಅದೂ ಬಿಟ್ಟಿಯಾಗಿ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ತಾತ ಡಾಕ್ಟರಿಗೆ ಮಾಡುವ ನಮಸ್ಕಾರ ನನಗೆ ಮಾಡುವುದಕ್ಕಿಂತ ಬಗ್ಗಿರುವಂತೆ ಕಂಡಿತು. ಅವರಿಬ್ಬರೂ ಟೀ ಕುಡಿಯುತ್ತಾ ನಕ್ಕರೆ, ನನ್ನ ವಿಷಯಕ್ಕೇ ನಕ್ಕರು ಅನ್ನಿಸಿತು.

ನಾಲ್ಕನೆಯ ಭಾನುವಾರ ಯಾರಿಗೂ ಹೇಳದೆ ಚಕ್ರದ ಮೇಲಿನ ಕಂಬಿಗೆ ಒಂದು ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಹಾರಿದೆ. ಗೆರೆಯ ಮೇಲೆ ದಡಕ್ಕೆಂದಿತು. ವಿಮಾನ ನಿಲ್ಲಿಸಿ ತಿರುಗಿ ನೋಡಿದರೆ, ಕಡ್ಡಿ ಗೆರೆಗಿಂತ ಎರಡಾಳುದ್ದ ಹಿಂದೆ.

ಆಮೇಲೆ ನಾನು ಮಾಡಿದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕ್ಯಾಮೆರಾ ನೋಡುವ ತಾಳ್ಮೆಯೂ ಇರಲಿಲ್ಲ. ಎಲ್ಲರೆದುರು ತಾತನನ್ನು ಕಟಕಟೆಗೆ ಹತ್ತಿಸಿದವನಂತೆ ಕೇಳಿದೆ.

"ತಾತ, ನಿಮ್ಮ ಕಣ್ಣು ಆಪರೇಷನ್ ಮಾಡಿದ್ದು ಯಾರು?"

"ಡಾಕ್ಟ್ರು ಸಾಮಿ."

"ದುಡ್ಡು ತಗೊಂಡ್ರಾ?"

"ಇಲ್ಲ."

"ಈ ವರ್ಷ ಒಂದ್ಸಲನಾದ್ರೂ ಅವರ ಕಡ್ಡಿ ಗೆರೆಗಿಂತ ಹಿಂದೆ ಚುಚ್ಚಿದ್ದೀರಾ?"

ತಾತ ನಿಧಾನವಾಗಿ ಯೋಚಿಸಿದರು. "ಇಲ್ಲ ಸಾಮಿ. ಅವ್ರದು ಹಿಂದೆ ಮುಟ್ಟಿಲ್ಲ."

"ಸಾಕು, ನನ್ನ ಪ್ರಶ್ನೆ ಮುಗೀತು," ಎಂದೆ.

"ಲಾಯರೇ, ಇದು ಅತಿಯಾಯ್ತು," ಎಂದು ಡಾಕ್ಟರು ಎದ್ದರು. ತಾತ ಅವರ ಕೈ ಹಿಡಿದು ತಡೆದರು. ಕೈಯಲ್ಲಿದ್ದ ಕಡ್ಡಿಗಳ ಕಟ್ಟನ್ನು ನನ್ನ ವಿಮಾನದ ರೆಕ್ಕೆಯ ಮೇಲಿಟ್ಟು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಬೇಲಿ ದಾಟಿ ತೋಟಕ್ಕೆ ಹೋದರು. ಮತ್ತೆ ಬರಲಿಲ್ಲ. ಡಾಕ್ಟರು ಮನೆಗೇ ಹೋಗಿ ಕರೆದರಂತೆ. "ನನ್ನಿಂದ ನಿಮ್ಮ ಹೆಸರಿಗೂ ಮಸಿ ಹತ್ತೋದು ಬೇಡ," ಎಂದು ತಾತ ಕೈ ಮುಗಿದರಂತೆ.

ಅದೇ ದಿನ ಮಧ್ಯಾಹ್ನ ಮನೆಯಲ್ಲಿ ಆ ವಿಡಿಯೋ ನಿಧಾನ ಮಾಡಿ ನೋಡಿದೆ. ಚಕ್ರ ಇಳಿಯುತ್ತದೆ, ಅದರ ನೆರಳು ಹತ್ತಿರವಾಗುತ್ತದೆ. ಗೆರೆಗೆ ಎರಡಾಳು ಮೊದಲೇ ನೆರಳೂ ಚಕ್ರವೂ ಕೂಡುತ್ತವೆ. ಒಂದು ಚಿಟಿಕೆ ಧೂಳು ಏಳುತ್ತದೆ. ಚಕ್ರ ಮತ್ತೆ ನಾಲ್ಕು ಬೆರಳು ಮೇಲೆದ್ದು, ತೇಲಿ, ಗೆರೆಯ ಮೇಲೆ ದಡಕ್ಕೆನ್ನುತ್ತದೆ. ಮೊದಲು ಮುಟ್ಟಿದ್ದು ಒಳಗೆ ಕೂತ ನನಗೆ ಗೊತ್ತೇ ಆಗಿರಲಿಲ್ಲ, ಅಷ್ಟು ಮೆತ್ತಗೆ ಮುಟ್ಟಿತ್ತು. ಇಪ್ಪತ್ತು ಸಲ ನೋಡಿದೆ. ಎಲ್ಲಾದರೂ ಕ್ಯಾಮೆರಾ ಅಲುಗಿರಬಹುದೇ ಎಂದು ಕ್ಯಾಮೆರಾದ ಮೇಲೂ ಅನುಮಾನ ಪಟ್ಟೆ. ಕೊನೆಗೆ ಅನುಮಾನಿಸಲು ನನ್ನನ್ನು ಬಿಟ್ಟು ಬೇರೆ ಯಾರೂ ಉಳಿಯಲಿಲ್ಲ.

ಇನ್ನೊಬ್ಬರ ಕ್ಯಾಮೆರಾ ಆಗಿದ್ದರೆ ಸತ್ಯ ತಾನಾಗಿಯೇ ಹೊರಬರುತ್ತಿತ್ತು. ಅದು ನನ್ನದೇ. ಬಾಯಿ ಮುಚ್ಚಿಕೊಂಡೆ. ಈ ವಾರ ಹೇಳೋಣ, ಮುಂದಿನ ವಾರ ಹೇಳೋಣ... ಯಾರಾದರೂ ತಾತನ ಹೆಸರೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹೀಗೇ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ತಾತ ಬಿದ್ದು ಸೊಂಟ ಮುರಿದುಕೊಂಡು ಮುಳಬಾಗಿಲಿನ ಮಗಳ ಮನೆ ಸೇರಿದ್ದರು. ಅಲ್ಲಿನ ಕೋರ್ಟಿಗೆ ಹೋಗಿದ್ದ ಒಂದು ದಿನ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಆ ವಿಡಿಯೋ ಹಾಕಿ ಫೋನನ್ನು ಅವರ ಮುಂದೆ ಹಿಡಿದೆ.

ಎರಡು ಸಲ ನೋಡಿದರು. ಮುಖ ಅರಳಿತು. "ಎಷ್ಟು ಮೆತ್ತಗೆ ಮುಟ್ಟಿಸಿದ್ದೀರ ನೋಡಿ ಸಾಮಿ. ಯಾರಿಗೂ ಬರಲ್ಲ ಹಿಂಗೆ." ಆಮೇಲೆ ಕೇಳಿದರು: "ಅವ್ರಿಗೆಲ್ಲ ತೋರಿಸಿದ್ರಾ?"

ತೋರಿಸಿದೆ ಎಂದೆ.

"ಡಾಕ್ಟ್ರೂ ನೋಡಿದ್ರಾ?"

"ನೋಡಿದ್ರು ತಾತ."

"ಹಂಗಾದ್ರೆ ಸರಿ ಬಿಡಿ," ಎಂದು ದಿಂಬಿಗೆ ಒರಗಿ, ಮಗಳನ್ನು ಕರೆದು ನನಗೆ ಕಾಫಿ ತರಲು ಹೇಳಿದರು. ನಾನಾಗಿದ್ದರೆ, ನೋಡಿದ ಮೇಲೂ ಡಾಕ್ಟರು ಯಾಕೆ ಬಂದು ಒಂದು ಮಾತು ಹೇಳಲಿಲ್ಲ ಎಂದು ಕೇಳುತ್ತಿದ್ದೆ. ಅವರು ಕೇಳಲಿಲ್ಲ. ನನ್ನ ಮಾತಿಗೆ ಸಾಕ್ಷಿ ಬೇಕೆನ್ನದೆ ನಂಬಿದರು. ಮುಂದಿನ ಭಾನುವಾರವೇ ಎಲ್ಲರಿಗೂ ತೋರಿಸಿ ಆ ಸುಳ್ಳನ್ನು ನಿಜ ಮಾಡಿಬಿಡುತ್ತೇನೆ ಎಂದುಕೊಂಡು ಮೆಟ್ಟಿಲಿಳಿದೆ. ಭಾನುವಾರ ಬಂತು, ಹೋಯಿತು. ಮೂರು ತಿಂಗಳಿಗೆ ತಾತ ತೀರಿಕೊಂಡರು. ಹನ್ನೊಂದನೆಯ ದಿನ ಹೋದಾಗ ಅವರ ಮಗಳು ನನ್ನನ್ನು ಒಳಗೆ ಕರೆದು, ನೆಂಟರ ಎದುರಿಗೇ ಹೇಳಿದರು: "ಇವ್ರೇ ಆ ಲಾಯರು. ತಪ್ಪಾಯ್ತು ಅಂತ ಎಲ್ಲಾರ ಮುಂದೆ ಒಪ್ಕೊಂಡವ್ರು. ಎಷ್ಟು ದೊಡ್ಡ ಮನುಷ್ಯರು ಅಂತ ಅಪ್ಪ ದಿನಾ ಹೇಳೋರು."

ನಾನು ಎಲೆಯ ಮುಂದೆ ತಲೆ ತಗ್ಗಿಸಿ ಊಟ ಮಾಡಿ ಬಂದೆ. ಅದಾಗಿ ಎರಡು ವರ್ಷ. ಈಗ ತೋರಿಸಿದರೆ ಒಂದರ ಬದಲು ಎರಡು ತಪ್ಪು ಹೊರಬೀಳುತ್ತವೆ ಎಂಬ ಭಯಕ್ಕೆ ಇನ್ನಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದೆ. ವೇಮಗಲ್‌ನಿಂದ ಬಂದ ಮೇಲೆ ಹಾಗಿರಲು ಆಗಲಿಲ್ಲ.

ಮೊನ್ನೆ ಭಾನುವಾರ ನಾಲ್ಕೂ ಜನರನ್ನು ಕೂರಿಸಿಕೊಂಡು ವಿಡಿಯೋ ತೋರಿಸಿದೆ. ಡಾಕ್ಟರು, "ಇದು ನಿಮಗೆ ಯಾವಾಗ ಸಿಕ್ತು?" ಎಂದು ಕೇಳಿದರು. ಅವತ್ತೇ ಎಂದೆ. ಮುಳಬಾಗಿಲಿನಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಫೋನು ನನ್ನ ಕೈಗಿಟ್ಟು, ಟೋಪಿ ಹಾಕಿಕೊಂಡು ತಮ್ಮ ವಿಮಾನದ ಕಡೆ ನಡೆದರು. ನನ್ನನ್ನು ಯಾರೂ ಬೈಯಲಿಲ್ಲ. ಬೈಯಬೇಕಾಗಿದ್ದವರು ನನ್ನನ್ನು ದೊಡ್ಡ ಮನುಷ್ಯ ಎಂದುಕೊಂಡೇ ಹೋಗಿಬಿಟ್ಟರು.